ಒಂಬತ್ತು ದಿನದ ಸುಣ್ಣ

ಜನವರಿ 6

ಭಾವನವರಿಗೆ,

ಇಲ್ಲಿ ಎಲ್ಲ ಸರಿಯಾಗಿದೆ. ಅಲ್ಲಿ ನೀವು ಚೆನ್ನಾಗಿಯೇ ಇರುತ್ತೀರಿ, ಆ ವಿಷಯದಲ್ಲಿ ನನಗೆ ಯಾವತ್ತೂ ಚಿಂತೆಯಾಗಿಲ್ಲ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಎರಡನೇ ನಿಮಿಷಕ್ಕೆ ಜಗಳ ತೆಗೆದು ಇಟ್ಟುಬಿಡುತ್ತೇವೆ ಎಂದು ಅಕ್ಕನಿಗೆ ಗೊತ್ತು. "ಏನಿದ್ರೂ ಅವ್ರಿಗೇ ಕಾಗದ ಬರಿ, ನನ್ನ ಮಧ್ಯಕ್ಕೆ ಎಳೀಬೇಡ" ಅಂದಳು.

ವಿಷಯ ನಮ್ಮ ಹಿತ್ತಲಿನ ಸಾರೋಟು ಮನೆಯದು. ಹಳೇ ಕಟ್ಟಡಗಳ ಕಚೇರಿಯಿಂದ ಹೋದ ವಾರ ಒಬ್ಬಳು ಅಧಿಕಾರಿ ಬಂದಿದ್ದಳು. ಮೂವತ್ತು ದಾಟಿರಲಿಕ್ಕಿಲ್ಲ. ಕೈಯಲ್ಲಿ ರಬ್ಬರಿನ ಪುಟ್ಟ ಸುತ್ತಿಗೆ. ಡಾಕ್ಟರು ಎದೆ ತಟ್ಟಿದ ಹಾಗೆ ಗೋಡೆ ತಟ್ಟಿ ಕಿವಿಗೊಟ್ಟು ಕೇಳುತ್ತಾಳೆ. ಕೇಳಿದ ಮೇಲೆ ಹೇಳಿದ್ದು ಇಷ್ಟು: ಇನ್ನೂರು ವರ್ಷದ ಕಟ್ಟಡ, ಕುದುರೆ ಸಾರೋಟು ನಿಲ್ಲಿಸಲೆಂದೇ ಕಟ್ಟಿ ಇನ್ನೂ ನಿಂತಿರುವುದು ಊರಿನಲ್ಲಿ ಇದೊಂದೇ. ಮೇ ತಿಂಗಳ ಕೊನೆಯೊಳಗೆ ಹೊರಮೈ ದುರಸ್ತಿ ಆಗಬೇಕು, ಅದೂ ಹಳೆಯದಕ್ಕೆ ಹೊಂದುವ ಸಾಮಾನಿನಲ್ಲೇ. ಆಗದಿದ್ದರೆ ಬೀಳುವ ಕಟ್ಟಡ ಎಂದು ಬರೆದು ಕೆಡವಿಸುತ್ತಾರೆ. ನಾನು ಮೂವತ್ತು ವರ್ಷದಿಂದ ಕೆಲಸ ಮಾಡುವುದು, ನಾಲ್ಕು ಜನಕ್ಕೆ ಗಾರೆ ಕೆಲಸ ಕಲಿಸುವುದು ಅದರೊಳಗೇ. ಅದು ಹೋದರೆ ನಾನು ಬೀದಿಯಲ್ಲಿ ಸುಣ್ಣ ಕಲಸಬೇಕು.

ಫಾರಂ ಜೊತೆಗಿಟ್ಟಿದ್ದೇನೆ. ಅರ್ಧ ಕಟ್ಟಡ ಅಕ್ಕನ ಹೆಸರಿನಲ್ಲಿರುವುದರಿಂದ ಅವಳ ಸಹಿ ಬೇಕು. ನಾನು ಆರಿಸಿರುವುದು ಹೀಗೆ: ಮಾಡಿಗೆ ಹಳೇ ಹೆಂಚೇ, ಒಡೆದದ್ದಷ್ಟನ್ನು ಬದಲಾಯಿಸುವುದು. ದೊಡ್ಡ ಬಾಗಿಲಿನ ಬುಡ ಒಂದು ಗೇಣು ಕೊಳೆತಿದೆ. ಅಷ್ಟನ್ನು ಕತ್ತರಿಸಿ ಅದೇ ಜಾತಿಯ ಮರ ಕೂಡಿಸುವುದು. ಮೂರು ಗೋಡೆಗೆ ಸುಣ್ಣದ ಗಾರೆ ತೇಪೆ. ನಾಲ್ಕನೆಯದು ಉತ್ತರದ ಗೋಡೆ. ಅದರ ಮೇಲೆ ನೀವು ಮೂವತ್ತು ವರ್ಷದ ಹಿಂದೆ ಮೆತ್ತಿದ ಸಿಮೆಂಟು ಇದೆಯಲ್ಲ, ಅದನ್ನು ಪೂರ್ತಿ ಕಿತ್ತು ಹೊಸದಾಗಿ ಗಾರೆ ಮಾಡುವುದು.

ಫಾರಂನಲ್ಲಿ ಒಂದು ಕಾಲಂ ಇದೆ: 'ಹಿಂದಿನ ತಪ್ಪು ದುರಸ್ತಿ ಯಾರಿಂದ, ಯಾವ ಕಾರಣಕ್ಕೆ'. ಹೆಸರು ಹಾಕುವುದು ಬೇಡ ಎಂದು 'ಮನೆಯ ಅಳಿಯನಿಂದ, ಹೊಟ್ಟೆಕಿಚ್ಚಿಗೆ' ಎಂದಷ್ಟೇ ತುಂಬಿದ್ದೇನೆ. ಸುಳ್ಳಿದ್ದರೆ ತಿದ್ದಿ.

ಇಂತಿ,
ನಿಮ್ಮ ಭಾಮೈದ


ಜನವರಿ 19

ಗಾರೆ ಮೇಸ್ತ್ರಿಗಳಿಗೆ,

ನಿನ್ನ ಕಾಗದ ಬಂತು. ಅಕ್ಷರ ಇನ್ನೂ ಸುಧಾರಿಸಿಲ್ಲ. ಗೋಡೆ ನುಣುಪು ಮಾಡಲು ಜೀವ ತೇಯುವವನು ಕಾಗದದ ಮೇಲೆ ಮಾತ್ರ ಕೋಳಿ ಕೆದಕಿದ ಹಾಗೆ ಬರೆಯುವುದೇಕೋ.

ನಾನು ಮೂವತ್ತೈದು ವರ್ಷ ನೀರಿನ ಟ್ಯಾಂಕು ಕಟ್ಟಿದವನು. ಹದಿನೇಳು ಟ್ಯಾಂಕು, ಎಲ್ಲವೂ ನಿಂತಿವೆ, ಎಲ್ಲದರಲ್ಲೂ ನೀರಿದೆ. ನಿನ್ನ ಮೆತ್ತನೆಯ ಸುಣ್ಣದಲ್ಲಿ ಒಂದು ತೊಟ್ಟಿ ಕಟ್ಟಿ ತೋರಿಸು, ಆಮೇಲೆ ಸಿಮೆಂಟಿನ ಬಗ್ಗೆ ಮಾತಾಡೋಣ. ಆ ಕಟ್ಟಡಕ್ಕೆ ಏನು ಬೇಕು ಎಂದು ನನ್ನನ್ನು ಕೇಳಿದ್ದರೆ ಒಂದೇ ಸಾಲಿನಲ್ಲಿ ಹೇಳುತ್ತಿದ್ದೆ: ಮಾಡಿಗೆ ತಗಡು, ಬಾಗಿಲಿಗೆ ಕಬ್ಬಿಣದ ಶಟರು, ನಾಲ್ಕೂ ಗೋಡೆಗೆ ಒಳ್ಳೆ ಸಿಮೆಂಟು, ಮೇಲೆ ಎರಡು ಸಲ ಬಣ್ಣ. ಒಂದು ತಿಂಗಳ ಕೆಲಸ. ಕೊಳೆತ ಬಾಗಿಲಿಗೆ ಒಂದು ಗೇಣು ಮರ ಕೂಡಿಸುವ ಬುದ್ಧಿ, ಹರಿದ ಚಪ್ಪಲಿಯನ್ನು ಮೂರನೇ ಸಲ ಹೊಲಿಸುವವನ ಬುದ್ಧಿ.

ಆದರೂ ನೀನು ಮನೆಯಲ್ಲಿದ್ದೀಯ, ನಾನು ದೂರದಲ್ಲಿದ್ದೇನೆ. ಹೆಂಚು ನಿನ್ನಿಷ್ಟ. ಬಾಗಿಲು ನಿನ್ನಿಷ್ಟ. ಮೂರು ಗೋಡೆಗೆ ಸುಣ್ಣ ಹಾಕು, ಬೆಣ್ಣೆ ಹಾಕು, ನಾನು ಅಡ್ಡ ಬರುವುದಿಲ್ಲ. ಉತ್ತರದ ಗೋಡೆಯ ಸಿಮೆಂಟು ಮಾತ್ರ ಇದ್ದ ಹಾಗೇ ಇರಲಿ. ಬಿರುಕು ಬಿಟ್ಟಲ್ಲಿ ಮೇಲೆ ಇನ್ನೊಂದು ಪದರ ಸಿಮೆಂಟು ಬಳಿದರೆ ಸಾಕು. ಹಾಗೆ ತಿದ್ದಿ ಬೇರೆ ಫಾರಂ ಕಳಿಸಿದರೆ ನಿಮ್ಮಕ್ಕ ಸಹಿ ಮಾಡುತ್ತಾಳೆ.

ನೀನು ತುಂಬಿದ ಕಾಲಂ ಓದಿದೆ. ಅದನ್ನು ತಿದ್ದಬೇಕಾಗಿಲ್ಲ. ಹಾಗೇ ಬಿಡು.

ನಿಮ್ಮಕ್ಕನಿಗೆ ಮಂಡಿ ನೋವು ಸ್ವಲ್ಪ ಕಡಿಮೆ.

ಇತಿ,
ನಿಮ್ಮಕ್ಕನ ಗಂಡ


ಫೆಬ್ರವರಿ 2

ಭಾವನವರಿಗೆ,

ನಿಮ್ಮ ಉದಾರ ಮನಸ್ಸಿಗೆ ನಮಸ್ಕಾರ. ಇನ್ನೂರು ವರ್ಷದ ಕಟ್ಟಡದಲ್ಲಿ ಎಲ್ಲವನ್ನೂ ನನಗೆ ಬಿಟ್ಟುಕೊಟ್ಟು, ನಿಮ್ಮ ಸಿಮೆಂಟಿನ ಒಂದು ಗೋಡೆ ಮಾತ್ರ ಸ್ಮಾರಕವಾಗಿ ಉಳಿಯಲಿ ಅನ್ನುತ್ತೀರಿ. ಹದಿನೇಳು ಟ್ಯಾಂಕಿನ ಮೇಲೆ ಹೆಸರು ಕೆತ್ತಿಸಿದ್ದು ಸಾಲಲಿಲ್ಲವೆಂದು ಕಾಣುತ್ತದೆ.

ಸುಣ್ಣದ ಗೋಡೆ ಉಸಿರಾಡುತ್ತದೆ ಎಂದು ಅಪ್ಪ ನಿಮಗೆ ಎಷ್ಟು ಸಲ ಹೇಳಿದ್ದರು. ಒಳಗಿನ ತೇವ ಹೊರಗೆ ಹೋಗಬೇಕು. ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಕೂತು ಇಟ್ಟಿಗೆಯನ್ನು ತಿನ್ನುತ್ತದೆ. ಆ ಹುಡುಗಿ ಅಧಿಕಾರಿಗೂ ಇಷ್ಟು ಗೊತ್ತು. ಉತ್ತರದ ಗೋಡೆ ತಟ್ಟಿದವಳೇ ಮುಖ ಸಿಂಡರಿಸಿ "ಇದ್ಯಾರು ಮಾಡಿದ್ದು?" ಅಂದಳು. "ಟ್ಯಾಂಕು ಕಟ್ಟೋರು" ಅಂದೆ. ಅವಳಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಆದರೆ ಅವಳೂ ಕಡಿಮೆಯೇನಲ್ಲ. ನನ್ನ ಸುಣ್ಣದ ಗುಂಡಿ ಗೋಡೆಯ ಪಕ್ಕದಲ್ಲೇ ಇದ್ದು ಬುಡಕ್ಕೆ ತೇವ ಕೊಡುತ್ತಿದೆ ಎಂದು ಅದನ್ನು ಖಾಲಿ ಮಾಡಿಸಿದಳು. ವರ್ಷದಿಂದ ನೆನೆದಿದ್ದ ಸುಣ್ಣ ಯಾರ್ಯಾರ ಪಾಲೋ ಆಯಿತು. ಹಿತ್ತಲಿನ ಆ ಮೂಲೆಯಲ್ಲಿ ಹೊಸ ಗುಂಡಿ ತೋಡಿದ್ದೇನೆ. ಭಟ್ಟಿಯವನು ಮಾರ್ಚಿಗೆ ಸುಣ್ಣ ಕೊಡುತ್ತಾನಂತೆ.

ಆ ಸಿಮೆಂಟಿನ ಹಿಂದೆ ಏನಿದೆ ಎಂದು ನೀವು ಮರೆತಿರಬಹುದು. ಅಪ್ಪ ಅಟ್ಟಣೆಯಿಂದ ಬಿದ್ದು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರು. ನನಗೆ ಹತ್ತೊಂಬತ್ತು. ಅವರು ಬರುವಷ್ಟರಲ್ಲಿ ತೋರಿಸಬೇಕೆಂದು ಒಬ್ಬನೇ ಆ ಗೋಡೆಗೆ ಗಾರೆ ಮಾಡಿದೆ. ನುಣುಪು ಕಲ್ಲಿನಲ್ಲಿ ಉಜ್ಜಿ ಉಜ್ಜಿ ಮುಖ ಕಾಣುವ ಹಾಗೆ ಮಾಡಿದೆ. ಮುಗಿಸಿದ ಮರುದಿನವೇ ಅಪ್ಪ ಒಪ್ಪಿಕೊಂಡಿದ್ದ ಕೆಲಸಕ್ಕೆಂದು ದೂರದ ಊರಿಗೆ ಹೋದೆ. ನಾಲ್ಕು ತಿಂಗಳಾದ ಮೇಲೆ ಬಂದು ನೋಡಿದರೆ ನನ್ನ ಗೋಡೆಯ ಮೇಲೆ ನಿಮ್ಮ ಸಿಮೆಂಟು. ಅಪ್ಪ ನನ್ನ ಗೋಡೆಯನ್ನು ನೋಡಲೇ ಇಲ್ಲ. "ನೋಡ್ಲಿಲ್ಲ, ಆದ್ರೂ ಚೆನ್ನಾಗೇ ಇದ್ದಿರುತ್ತೆ ಬಿಡು, ನಂದೇ ಕೈ ಅಲ್ವ" ಎಂದು ಗಾರೆ ಬಳಿಯುವ ತಮ್ಮ ಕರಣೆಯನ್ನು ನನ್ನ ಕೈಗೆ ಕೊಟ್ಟರು. ನಾನು ಮೇಸ್ತ್ರಿ ಆದದ್ದು ಆವತ್ತು.

ಫಾರಂ ತಿದ್ದುವುದಿಲ್ಲ. ಅಕ್ಕನಿಗೆ ಸಹಿ ಮಾಡಲು ಬಿಡಿ.

ಇಂತಿ,
ನಿಮ್ಮ ಭಾಮೈದ


ಫೆಬ್ರವರಿ 27

ಮೇಸ್ತ್ರಿಗಳಿಗೆ,

ನಿನ್ನ ಆತ್ಮಕಥೆ ಓದಿದೆ. ಇದೇ ಕಥೆಯನ್ನು ನೀನು ಹೊಸದಾಗಿ ಸೇರಿದ ಪ್ರತಿಯೊಬ್ಬ ಶಿಷ್ಯನಿಗೂ ಹೇಳುತ್ತೀಯೆಂದು ಕೇಳಿದ್ದೇನೆ. ಯಾರೂ ನೋಡದ ಗೋಡೆಯನ್ನು ಹೊಗಳಿಕೊಳ್ಳುವುದರಲ್ಲಿ ಒಂದು ಅನುಕೂಲವಿದೆ, ಯಾರೂ ಇಲ್ಲವೆನ್ನಲಾರರು.

ನಿಮ್ಮಕ್ಕನನ್ನು ನಾನು ಕಟ್ಟಿಹಾಕಿಲ್ಲ. ಫಾರಂ ಅವಳ ಮುಂದೆಯೇ ಇಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಉತ್ತರದ ಗೋಡೆಯ ಸಾಲಿಗೆ ಬೆರಳಿಟ್ಟು, "ಇದೊಂದನ್ನ ಬಿಟ್ಟುಬಿಡು ಅಂತ ಬರೀರಿ" ಎಂದು ಒಳಗೆ ಹೋದಳು. ಅವಳ ಮಾತನ್ನು ನಾನು ಮೀರುವುದಿಲ್ಲ, ನೀನೂ ಮೀರಬೇಡ.

ಗೋಡೆ ತೇವ ತಿನ್ನುತ್ತಿದೆ ಅನ್ನುತ್ತೀಯ. ತಿನ್ನಲಿ. ಮೂವತ್ತು ವರ್ಷ ನಿಂತಿದೆ, ನಮ್ಮ ಕಾಲಕ್ಕೆ ಸಾಕು.

ಇತಿ,
ನಿಮ್ಮಕ್ಕನ ಗಂಡ


ಮಾರ್ಚ್ 9

ಭಾವನವರಿಗೆ,

ಕೊನೆಗೆ ಅಕ್ಕನ ಬಾಯಲ್ಲೂ ನಿಮ್ಮ ಮಾತೇ ಬಂತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೆ ಸಿಮೆಂಟು ಎಲ್ಲಿ ಬೇಕಾದರೂ ಅಂಟಿಕೊಳ್ಳುತ್ತದೆ. ಹುಡುಗಿಯಾಗಿದ್ದಾಗ ಅವಳು ಜರಡಿ ಹಿಡಿದು ನನ್ನ ಜೊತೆ ಸುಣ್ಣ ಸೋಸುತ್ತಿದ್ದಳು. ಸುಣ್ಣ ಸರಿಯಾಗಿ ಅರಳಿದೆಯೋ ಇಲ್ಲವೋ ಎಂದು ಬೆರಳಲ್ಲಿ ತಿಕ್ಕಿ ಹೇಳುತ್ತಿದ್ದಳು. ಈಗ ಗೋಡೆ ಕೊಳೆಯಲಿ ಅನ್ನುತ್ತಾಳೆ.

'ನಮ್ಮ ಕಾಲಕ್ಕೆ ಸಾಕು' ಎಂದು ಬರೆದಿರಲ್ಲ, ಅದೊಂದು ಸಾಲಿನಲ್ಲಿ ನೀವು ಪೂರ್ತಿ ಇದ್ದೀರಿ. ಅಪ್ಪ ನಿಮ್ಮನ್ನು ಕೊನೆಯವರೆಗೂ 'ಸಿಮೆಂಟು ಅಳಿಯ' ಎಂದು ಕರೆದರು. ಆಗ ನನಗೆ ಪಾಪ ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ.

ದುರಸ್ತಿಗೆ ಸಹಿ ಬೇಕು, ತೆಗೆದು ನೋಡುವುದಕ್ಕೆ ಯಾರ ಸಹಿಯೂ ಬೇಡವಂತೆ. ಅಧಿಕಾರಿಯನ್ನೇ ಕೇಳಿದೆ. ಇದೇ ತಿಂಗಳು ಇಪ್ಪತ್ತೆಂಟಕ್ಕೆ ಸಿಮೆಂಟು ಕೀಳುತ್ತೇನೆ. ಅವಳೂ ಬರುತ್ತಾಳೆ, ನನ್ನ ನಾಲ್ಕೂ ಶಿಷ್ಯರು ಇರುತ್ತಾರೆ. ಅಪ್ಪ ನೋಡದೆ ಹೋದದ್ದನ್ನು ಅವರಾದರೂ ನೋಡಲಿ. ನಿಮಗೂ ಆಹ್ವಾನವಿದೆ. ಮೂವತ್ತು ವರ್ಷದಿಂದ ಈ ಕಡೆ ತಲೆ ಹಾಕಿಲ್ಲ, ಈಗಲೂ ಬರುವುದಿಲ್ಲವೆಂದು ಗೊತ್ತಿದ್ದೇ ಕರೆಯುತ್ತಿದ್ದೇನೆ.

ಇಂತಿ,
ನಿಮ್ಮ ಭಾಮೈದ


ಮಾರ್ಚ್ 15

ಕೀಳಬೇಡ. ಕೀಳಲೇಬೇಕೆಂದಿದ್ದರೆ ಒಬ್ಬನೇ ಇದ್ದಾಗ ಕೀಳು. ಶಿಷ್ಯರನ್ನು ನಿಲ್ಲಿಸಿಕೊಳ್ಳಬೇಡ. ಇದಕ್ಕಿಂತ ಹೆಚ್ಚು ಬರೆಯಲು ನಿಮ್ಮಕ್ಕ ಬಿಡುತ್ತಿಲ್ಲ.


ಏಪ್ರಿಲ್ 3

ಭಾವನವರಿಗೆ,

ಕಿತ್ತೆ. ಎಲ್ಲರ ಮುಂದೆಯೇ ಕಿತ್ತೆ. ನೀವು ಯಾಕೆ ಅಷ್ಟು ಹೆದರಿದ್ದಿರಿ ಎಂದು ಈಗ ಗೊತ್ತಾಯಿತು.

ಉಳಿ ಇಟ್ಟು ನಾಲ್ಕು ಏಟು ಹಾಕಿದ್ದಕ್ಕೇ ಸಿಮೆಂಟು ಮಾರಗಲ ಹಲಗೆಯಾಗಿ ಕಳಚಿಕೊಂಡು ಬಂತು. ಅದರ ಹಿಂದೆ ನನ್ನ ಗಾರೆ ಇತ್ತು. ಇತ್ತು ಅನ್ನಬೇಕಷ್ಟೆ. ಮೈತುಂಬ ಗುಳಿ. ಸಿಡುಬು ಆದವರ ಮುಖ ಹೇಗಿರುತ್ತದೋ ಹಾಗೆ, ಮೇಲಿಂದ ಕೆಳಗಿನವರೆಗೆ, ಕಡಲೆ ಗಾತ್ರದ್ದು, ಅಡಿಕೆ ಗಾತ್ರದ್ದು, ನೂರಾರು. ನನ್ನ ಶಿಷ್ಯರಲ್ಲಿ ಗಡ್ಡದವನೊಬ್ಬನಿದ್ದಾನೆ, ಬಾಯಿಗೆ ಬಂದದ್ದು ಆಡುವವನು. ಅವನೂ ಸುಮ್ಮನೆ ನಿಂತ. ಅಧಿಕಾರಿ ಫೋಟೋ ತೆಗೆದುಕೊಂಡಳು. ನಾನೇ ಹೇಳಿದೆ: "ನೋಡಿ, ಸಿಮೆಂಟು ಏನು ಮಾಡುತ್ತೆ ಅಂತ. ಒಳ್ಳೆ ಗೋಡೆನ ಒಳಗಿಂದ್ಲೇ ತಿಂದಿದೆ."

ಹೊಟ್ಟೆಕಿಚ್ಚಿನವರನ್ನು ಕಂಡಿದ್ದೇನೆ. ಆದರೆ ಒಂದು ಕೆಲಸವನ್ನು ಮುಚ್ಚಿ ಅದು ಮುಚ್ಚಿದಲ್ಲೇ ಸಾಯುವ ಹಾಗೆ ಮಾಡಿ, ಮೂವತ್ತು ವರ್ಷ ಆ ಮನೆಯ ಮಗಳ ಕೈಯ ಊಟ ಉಂಡವರನ್ನು ನಿಮ್ಮನ್ನು ಬಿಟ್ಟು ಕಂಡಿಲ್ಲ. ನಿಮ್ಮನ್ನು ಭಾವ ಎಂದು ಕರೆಯುವುದು ಅಕ್ಕನ ಮುಖ ನೋಡಿ.

ಇರಲಿ. ಹೊಸ ಗಾರೆ ಮಾಡಿ ತೋರಿಸುತ್ತೇನೆ. ಭಟ್ಟಿಯವನು ಸತಾಯಿಸಿ ಸತಾಯಿಸಿ ಮಾರ್ಚ್ ಮೂವತ್ತಕ್ಕೆ ಸುಣ್ಣ ಕೊಟ್ಟ. ಅವತ್ತೇ ಗುಂಡಿಗೆ ಹಾಕಿ ನೀರು ಬಿಟ್ಟೆ. ಮೂರು ಪದರ ಬಳಿದು ಒಣಗಿಸಲು ನಲವತ್ತು ದಿನ ಬೇಕು, ಹಾಗಾಗಿ ನೆನೆಯಲು ಸಿಗುವುದು ಹದಿನೈದು ದಿನ. ಅರವತ್ತು ದಿನ ನೆನೆಯಬೇಕು ಎಂದು ಅಪ್ಪ ಹೇಳುತ್ತಿದ್ದರು, ನಾನೂ ಶಿಷ್ಯರಿಗೆ ಹಾಗೇ ಹೇಳುತ್ತೇನೆ. ಆದರೆ ಕೈ ಚೆನ್ನಾಗಿದ್ದರೆ ಅಷ್ಟೆಲ್ಲ ಬೇಡ. ಅದೇ ಉತ್ತರದ ಗೋಡೆಗೆ ನಾನು ನೆನೆಸಿದ್ದು ಒಂಬತ್ತು ದಿನ. ಬೆಣ್ಣೆಯ ಹಾಗೆ ಕೂತಿತ್ತು. ಇದನ್ನು ಅಪ್ಪನಿಗೂ ಹೇಳಿರಲಿಲ್ಲ.

ಅಕ್ಕನ ಸಹಿ ಹದಿನೈದರೊಳಗೆ ಬರಲಿ. ಬರದಿದ್ದರೆ ಕಟ್ಟಡ ಬಿದ್ದ ಪಾಪವೂ ನಿಮ್ಮದೇ.

ಇಂತಿ,
ನಿಮ್ಮ ಭಾಮೈದ


ಏಪ್ರಿಲ್ 8

ಎಲೈ ಮೇಸ್ತ್ರಿ,

ನಿನ್ನ ಬೈಗುಳವನ್ನೆಲ್ಲ ಓದಿಕೊಂಡು ಸುಮ್ಮನಿರಬೇಕೆಂದೇ ಕೂತಿದ್ದೆ. ಅಷ್ಟು ವರ್ಷ ಸುಮ್ಮನಿದ್ದವನಿಗೆ ಇದೇನು ದೊಡ್ಡದಲ್ಲ. ಆದರೆ 'ಒಂಬತ್ತು ದಿನ' ಎಂದು ಬರೆದೆಯಲ್ಲ, ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನೀನು ಅದೇ ಗೋಡೆಗೆ ಅದೇ ಕೆಲಸ ಎರಡನೇ ಸಲ ಮಾಡಲು ಹೊರಟಿದ್ದೀಯ.

ಈ ಕಾಗದ ಅಲ್ಲೇ ಇಟ್ಟು ಎದ್ದು ಹೋಗು. ಯಾವುದಾದರೂ ಒಂದು ಗುಳಿಯ ತಳವನ್ನು ಉಗುರಿನಿಂದ ಕೆರೆ. ಬಿಳಿಯ ಕಾಳು ಸಿಗುತ್ತದೆ, ಬೆರಳಲ್ಲಿ ತಿಕ್ಕಿದರೆ ಹಿಟ್ಟಾಗುತ್ತದೆ. ಪಕ್ಕದ ಗುಳಿಯಲ್ಲೂ ನೋಡು. ಸಿಮೆಂಟು ತೇವ ತಡೆದು ಇಟ್ಟಿಗೆ ತಿನ್ನಬಹುದು, ಒಪ್ಪಿದೆ. ಆದರೆ ಅದು ಗೋಡೆಯೊಳಗೆ ಕಾಳು ಬಿತ್ತುವುದಿಲ್ಲ. ಅದು ಅರಳದ ಸುಣ್ಣ. ಬಳಿದ ಮೇಲೆ ಗಾಳಿಯ ತೇವ ಕುಡಿದು, ಉಬ್ಬಿ, ಗಾರೆಯನ್ನು ಸಿಡಿಸಿಕೊಂಡು ಹೊರಗೆ ಬಂದಿದೆ. ಬೇರೆ ಯಾರದಾದರೂ ಗೋಡೆಯಾಗಿದ್ದರೆ ನೀನು ರಸ್ತೆಯ ಆ ಕಡೆಯಿಂದಲೇ ನೋಡಿ ಹೇಳಿ ನಗುತ್ತಿದ್ದೆ. ನಿನ್ನ ಗಡ್ಡದ ಶಿಷ್ಯ ಯಾಕೆ ಸುಮ್ಮನಾದ ಎಂದು ಯೋಚಿಸಿದ್ದೀಯ? ನೀನೇ ಕಲಿಸಿದ್ದು ಅವನಿಗೆ ನೆನಪಿದೆ.

ನೀನು ಹೋಗಿ ಐದು ವಾರಕ್ಕೆ ಶುರುವಾಯಿತು. ನಾವು ಆಗ ಮನೆ ನೋಡಿಕೊಳ್ಳಲು ಬಂದಿದ್ದೆವು. ಮಧ್ಯಾಹ್ನ ಊಟಕ್ಕೆ ಕೂತರೆ ಹಿತ್ತಲಿನಲ್ಲಿ ಟಪ್ ಟಪ್ ಎಂದು ಸದ್ದು. ಮೊದಲು ಹಲ್ಲಿ ಅಂದುಕೊಂಡೆವು. ಹೋಗಿ ನೋಡಿದರೆ ಗೋಡೆ ಚೂರು ಚೂರಾಗಿ ಉದುರುತ್ತಿದೆ. ನಿಮ್ಮಕ್ಕ ದಿನಾ ಬೆಳಿಗ್ಗೆ ಪೊರಕೆ ತೆಗೆದುಕೊಂಡು ಗುಡಿಸಿ ಹಾಕುತ್ತಿದ್ದಳು, ಗುಡಿಸಿದರೆ ಸರಿಹೋಗುತ್ತದೆ ಅನ್ನುವ ಹಾಗೆ. ಆಸ್ಪತ್ರೆಯಿಂದ ಸುದ್ದಿ ಬಂತು, ಮಾವ ಮುಂದಿನ ಸೋಮವಾರ ಬರುತ್ತಾರೆ ಎಂದು.

ಅರಳದ ಸುಣ್ಣ ಬಳಿದವನ ಕೈಗೆ ಮಾವ ಮತ್ತೆ ಕರಣೆ ಕೊಡುತ್ತಿರಲಿಲ್ಲ. ಸ್ವಂತ ತಮ್ಮನನ್ನೇ ಆ ಒಂದು ತಪ್ಪಿಗೆ ಅಟ್ಟಣೆಯಿಂದ ಇಳಿಸಿ ಕಳಿಸಿದರು, ಆ ಮನುಷ್ಯ ಸಾಯುವ ತನಕ ಗೋಣಿಚೀಲ ಹೊಲಿದ. ನಿನಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ನಿಮ್ಮಕ್ಕ ನನ್ನ ಮುಂದೆ ಕೂತು, "ಅಪ್ಪ ನೋಡಿದ್ರೆ ಇವ್ನ ಕಸುಬು ಮುಗಿದ ಹಾಗೆ, ಏನಾದ್ರೂ ಮಾಡಿ" ಎಂದು ಅತ್ತಳು. ಮದುವೆಯಾಗಿ ಐದು ತಿಂಗಳಾಗಿತ್ತು. ನನಗೆ ಗೊತ್ತಿದ್ದದ್ದು ಒಂದೇ ಕೆಲಸ. ಶನಿವಾರ, ಭಾನುವಾರ ಎರಡು ದಿನ ನಾನೇ ಕಲಸಿ ಸಿಮೆಂಟು ಹಾಕಿದೆ. ಕೈಯ ಚರ್ಮ ಸುಲಿಯಿತು. ಸೋಮವಾರ ಮಾವ ಬಂದರು. ಕೋಲು ಊರಿಕೊಂಡು ಹಿತ್ತಲಿಗೆ ಹೋದರು. ಸಿಮೆಂಟು ಕಂಡು ನನ್ನನ್ನು ಅಂದದ್ದೆಲ್ಲ ಆಮೇಲೆ ನಿನ್ನ ಕಿವಿಗೂ ಬಿದ್ದಿದೆ.

ನಾನು ಆ ಕಡೆ ತಲೆ ಹಾಕುವುದಿಲ್ಲ ಅನ್ನುತ್ತೀಯ. ಒಂದೇ ಒಂದು ಸಲ ಬಂದಿದ್ದೆ, ಮಾವ ತೀರಿಹೋಗುವ ಹಿಂದಿನ ದಿನ. ನೀನು ಔಷಧ ತರಲು ಹೋಗಿದ್ದೆ. ನನ್ನ ಕಡೆ ತಿರುಗಿ, "ಆ ಗೋಡೆನ ಯಾಕಪ್ಪ ಕೆಡಿಸಿದೆ?" ಎಂದು ಕೇಳಿದರು. ಅವರು ನನ್ನನ್ನು 'ಅಪ್ಪ' ಎಂದು ಕರೆದದ್ದು ಅದೊಂದೇ ಸಲ. ನಿಮ್ಮಕ್ಕ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. "ತಿಳೀಲಿಲ್ಲ ಮಾವ" ಅಂದೆ. ನೀನು ಬರುವಷ್ಟರಲ್ಲಿ ಬಸ್ಸು ಹತ್ತಿದ್ದೆ.

ಇದನ್ನು ನಿನ್ನ ಮೇಲಿನ ಪ್ರೀತಿಗೆ ಮಾಡಿದೆ ಎಂದುಕೊಳ್ಳಬೇಡ. ಆಗಲೂ ನೀನು ನನಗೆ ಹಿಡಿಸುತ್ತಿರಲಿಲ್ಲ. ಹೆಂಡತಿ ಅಳುವುದನ್ನು ನೋಡಲಾರದೆ ಮಾಡಿದೆ. ಈ ಕಾಗದ ಬರೆದದ್ದು ಅವಳಿಗೆ ಗೊತ್ತಿಲ್ಲ. ಗೊತ್ತಾದರೆ ನನ್ನ ಗತಿ ನಾನು ನೋಡಿಕೊಳ್ಳುತ್ತೇನೆ. ನೀನು ಆ ಗುಂಡಿಗೆ ಕೈ ಹಾಕಬೇಡ.

ಇತಿ,
ನಿಮ್ಮಕ್ಕನ ಗಂಡ


ಮೇ 21

ಭಾವನವರಿಗೆ,

ಉತ್ತರ ಬರೆಯಲು ಆರು ವಾರ ಹಿಡಿಯಿತು. ಬರೆಯಲು ಕೂತಾಗಲೆಲ್ಲ ನಿಮ್ಮನ್ನು ಬೈಯಲು ಏನಾದರೂ ಸಿಗುತ್ತದೆಯೇ ಎಂದು ಹುಡುಕುತ್ತಿದ್ದೆ. ಅಭ್ಯಾಸ ತಪ್ಪಲಿಲ್ಲ.

ಕಾಗದ ಬಂದ ದಿನವೇ, ನೀವು ಹೇಳಿದ ಹಾಗೆ, ಅದನ್ನು ಅಲ್ಲೇ ಇಟ್ಟು ಎದ್ದು ಹೋಗಿದ್ದೆ. ಒಂದು ಗುಳಿ ಕೆರೆದೆ. ಕಾಳು ಸಿಕ್ಕಿತು. ಇದೊಂದೇ ಇರಬಹುದು ಎಂದು ಇನ್ನೊಂದು ಕೆರೆದೆ. ಹೀಗೆ ಸಂಜೆಯವರೆಗೆ ಕೆರೆದೆ. ಒಂದು ಬಟ್ಟಲು ತುಂಬಿತು. ಗಡ್ಡದವನು ಬಂದು ಪಕ್ಕದಲ್ಲಿ ನಿಂತ. "ನಿನಗೆ ಅವತ್ತೇ ಗೊತ್ತಾಯ್ತೇನೋ?" ಎಂದು ಕೇಳಿದೆ. "ಗೊತ್ತಾಯ್ತು ಮೇಸ್ತ್ರೀ, ಬೇರೆ ಯಾರೋ ಮಾಡಿರಬೇಕು ಅಂದ್ಕೊಂಡೆ" ಅಂದ. ಅವನ ಮರ್ಯಾದೆ ಅಷ್ಟು ದೊಡ್ಡದು. ನಾನು ಮೂವತ್ತು ವರ್ಷ ಬಡಾಯಿ ಕೊಚ್ಚಿಕೊಂಡು ತಿರುಗಿದ್ದು ಈ ಗೋಡೆಯ ಹೆಸರು ಹೇಳಿ. ಥೂ ನನ್ನ ಜನ್ಮಕ್ಕೆ.

ಮರುದಿನ ಅಧಿಕಾರಿಯ ಕಚೇರಿಗೆ ಹೋಗಿ ನಿಜ ಹೇಳಿದೆ. ಆ ಗುಳಿ ಸಿಮೆಂಟಿನದಲ್ಲ, ನನ್ನದು. ಮೇ ಕೊನೆಯೊಳಗೆ ಮುಗಿಸಬೇಕಾದರೆ ಮತ್ತೆ ಹಸಿ ಸುಣ್ಣವನ್ನೇ ಬಳಿಯಬೇಕಾಗುತ್ತದೆ, ಅದಕ್ಕೆ ನಾನು ಸಿದ್ಧನಿಲ್ಲ, ಬೇಕಾದರೆ ಕೆಡವಿ ಎಂದೆ. "ನನಗೆ ಅವತ್ತೇ ಗೊತ್ತಾಗಿತ್ತು, ನೀವೇ ಹೇಳ್ತೀರೇನೋ ಅಂತ ಕಾಯ್ತಿದ್ದೆ" ಅಂದಳು. ಸೆಪ್ಟೆಂಬರಿನವರೆಗೆ ಸಮಯ ಕೊಟ್ಟಳು. ಸುತ್ತಿಗೆಯ ಹುಡುಗಿ ಎಂದು ನಗುತ್ತಿದ್ದೆ. ಅವಳಿಗೂ ಗೊತ್ತಿತ್ತು, ಗಡ್ಡದವನಿಗೂ ಗೊತ್ತಿತ್ತು, ಅಕ್ಕನಿಗೂ ನಿಮಗೂ ಗೊತ್ತಿತ್ತು. ಊರಿಗೆಲ್ಲ ಸುಣ್ಣ ಕಲಿಸುವ ಒಬ್ಬನಿಗೆ ಮಾತ್ರ ಗೊತ್ತಿರಲಿಲ್ಲ.

ನೀವು ಪೂರ್ತಿ ಬಚಾವಾದಿರಿ ಎಂದುಕೊಳ್ಳಬೇಡಿ. ಗಾರೆ ಕಿತ್ತು ನೋಡಿದರೆ ಬುಡದ ಇಟ್ಟಿಗೆ ಮೊಳದೆತ್ತರ ಪುಡಿಯಾಗಿದೆ. ಅದು ನಿಮ್ಮ ಸಿಮೆಂಟಿನದೇ ಕೆಲಸ. ಎರಡು ದಿನದಲ್ಲಿ ಅಷ್ಟು ದಪ್ಪ ಮೆತ್ತಿದ್ದೀರಿ, ಟ್ಯಾಂಕು ಎಂದುಕೊಂಡಿರೋ ಏನೋ.

ಸುಣ್ಣ ಗುಂಡಿಯಲ್ಲಿದೆ. ಇವತ್ತಿಗೆ ಐವತ್ತೆರಡು ದಿನ. ಮುಟ್ಟಿಲ್ಲ.

ಹೊಸ ಫಾರಂ ಇಟ್ಟಿದ್ದೇನೆ. ಆ ಕಾಲಂನಲ್ಲಿ ಈಗ 'ಮನೆಯ ಮಗನಿಂದ, ಅವಸರಕ್ಕೆ' ಎಂದಿದೆ. ಜೊತೆಗೆ ಒಂದು ಪೊಟ್ಟಣ ಬರುತ್ತದೆ. ಅದರಲ್ಲಿ ಅಪ್ಪನ ಕರಣೆ ಇದೆ. ಅರಳದ ಸುಣ್ಣ ಬಳಿದವನ ಕೈಯಲ್ಲಿ ಅದು ಇರಬಾರದು ಅನ್ನುವುದು ಅವರ ನಿಯಮ. ಅವರು ಇದ್ದಿದ್ದರೆ ಕಿತ್ತುಕೊಳ್ಳುತ್ತಿದ್ದರು, ಇಲ್ಲದ್ದರಿಂದ ನಾನೇ ಕಳಿಸುತ್ತಿದ್ದೇನೆ. ಅದನ್ನು ಯಾರಿಗೆ ಕೊಡಬೇಕು ಎಂದು ಯೋಚಿಸಿದೆ. ಆ ಗೋಡೆಯ ವಿಷಯದಲ್ಲಿ ಅಪ್ಪನ ಮುಂದೆ ತಲೆ ತಗ್ಗಿಸಿದವರು ನೀವೊಬ್ಬರೇ. ನಾನು ತಗ್ಗಿಸಬೇಕಾಗಿತ್ತು.

ಗೋಡೆ ಗಡ್ಡದವನು ಮಾಡುತ್ತಾನೆ. ನಾನು ಜರಡಿ ಹಿಡಿಯುತ್ತೇನೆ.

ಇಂತಿ,
ನಿಮ್ಮ ಭಾಮೈದ


ಜೂನ್ 2

ಮೇಸ್ತ್ರಿಗೆ,

ಪೊಟ್ಟಣ ಬಿಚ್ಚಿದ್ದು ನಿಮ್ಮಕ್ಕ. ಹಾಗಾಗಿ ಎಲ್ಲ ಹೊರಗೆ ಬಂತು. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ, "ಮೂವತ್ತು ವರ್ಷ ತಡ್ಕೊಂಡೋರಿಗೆ ಇನ್ನೊಂದು ನಾಲ್ಕು ವರ್ಷ ತಡ್ಕೊಳ್ಳೋಕೆ ಆಗ್ಲಿಲ್ವಾ?" ಎಂದು ಬೈದಳು. ಬೈದ ಮೇಲೆ ಕರಣೆಯನ್ನು ಸೀರೆಯ ಸೆರಗಿನಲ್ಲಿ ಒರೆಸಿ ನನ್ನ ಮೇಜಿನ ಮೇಲಿಟ್ಟಳು.

ಅದನ್ನು ಇಟ್ಟುಕೊಂಡು ನಾನೇನು ಮಾಡಲಿ? ಹಿಡಿಯಲೂ ಬರುವುದಿಲ್ಲ. ನಿಮ್ಮಪ್ಪನ ನಿಯಮ ನಿಮ್ಮಪ್ಪನಿಗೆ. ಒಂದು ತಪ್ಪಿಗೆ ಒಬ್ಬನ ಕಸುಬನ್ನೇ ಮುಗಿಸುವುದು ಯಾವ ದೊಡ್ಡತನವೋ ನನಗೆ ಅವತ್ತೂ ಅರ್ಥವಾಗಲಿಲ್ಲ, ಇವತ್ತೂ ಆಗಿಲ್ಲ. ನನ್ನ ಆ ಹದಿನೇಳು ಟ್ಯಾಂಕಿನಲ್ಲಿ ಮೊದಲನೆಯದು ಎರಡು ವರ್ಷ ಸೋರಿತು. ನಿನಗೆ ಹೇಳಿರಲಿಲ್ಲ, ಹೇಳಿದ್ದರೆ ನೀನು ಬಿಡುತ್ತಿದ್ದೆಯಾ.

ಜರಡಿ ಹಿಡಿಯುವ ನಾಟಕ ಬೇಡ. ಮೊದಲ ಪದರ ನೀನೇ ಬಳಿಯಬೇಕು, ಇದು ನಿಮ್ಮಕ್ಕನ ಅಪ್ಪಣೆ.

ಫಾರಂ ವಾಪಸ್ಸು ಕಳಿಸಿದ್ದೇನೆ. ನೀನು ತುಂಬಿದ್ದು ಅರ್ಧ ಸರಿ. ಸಿಮೆಂಟು ಕಲಸಿದವನು ನಾನು, ಅದನ್ನೂ ನಿನ್ನ ಹೆಸರಿಗೆ ಬರೆದುಕೊಳ್ಳಬೇಡ. 'ಮನೆಯ ಮಗನಿಂದ' ಎಂಬುದರ ಪಕ್ಕದಲ್ಲಿ 'ಮತ್ತು ಅಳಿಯನಿಂದ' ಎಂದು ಸೇರಿಸಿದ್ದೇನೆ. ಕಾರಣದ ಜಾಗದಲ್ಲಿ ನೀನು ಬರೆದಿದ್ದ 'ಅವಸರಕ್ಕೆ' ಎಂಬುದನ್ನು ನಿಮ್ಮಕ್ಕ ಹೊಡೆದುಹಾಕಿ, ತನ್ನ ಕೈಯಲ್ಲೇ 'ನಾನು ಹೇಳಿದ್ದಕ್ಕೆ' ಎಂದು ಬರೆದು, ಅದರ ಕೆಳಗೆ ಸಹಿ ಮಾಡಿದ್ದಾಳೆ. ಅಧಿಕಾರಿಗೆ ಅರ್ಥವಾಗದಿದ್ದರೆ ನೀನೇ ವಿವರಿಸು.

ಕರಣೆಯನ್ನು ಅಂಚೆಗೆ ಹಾಕುವುದಿಲ್ಲ. ಹದಿನೇಳನೇ ತಾರೀಕು ಬೆಳಿಗ್ಗೆಯ ಬಸ್ಸಿಗೆ ನಾನೇ ತರುತ್ತೇನೆ, ನಿಮ್ಮಕ್ಕನೂ ಬರುತ್ತಾಳೆ. ಅರವತ್ತು ದಿನ ಮುಗಿಯಿತೆಂದು ನಿನ್ನ ಕೈ ತುರಿಸುತ್ತಿರುತ್ತದೆ, ಗೊತ್ತು. ಸುಣ್ಣ ನೆನೆಯುತ್ತಿರಲಿ. ನಿಮ್ಮಕ್ಕ ಬೆರಳಲ್ಲಿ ತಿಕ್ಕಿ ನೋಡಿ ಸರಿ ಅನ್ನುವವರೆಗೆ ಮುಟ್ಟಬೇಡ.

ಇತಿ,
ನಿನ್ನ ಭಾವ